ಉಸಿರಾಡುವ ದೆವ್ವ

ಮನೆಯಿಂದ, ಹೊಲಿಗೆ ಯಂತ್ರದ ಮೇಜಿನ ಮೇಲೆ
ಡಿಸೆಂಬರ್ ಒಂಬತ್ತು, ಬೆಳಿಗ್ಗೆ

ಪ್ರೀತಿಯ ಗುಂಡಾ,

ಹೇಗಿದ್ದೀಯ ಮರಿ? ಕಣ್ಣುರಿ ಕಡಿಮೆಯಾಯಿತಾ? ಹಗಲೆಲ್ಲ ಪರದೆ ಎಳೆದ ಕೋಣೆಯಲ್ಲಿ ಕೂತು ಹಳೇ ಸಿನಿಮಾಗಳ ಕೊಳೆ ಒರೆಸುವ ಕೆಲಸ ನಿನ್ನದು. ಕಣ್ಣಿಗೆ ಹಾಕುವ ಹನಿ ಮುಗಿದಿದ್ದರೆ ಸೋಮಾರಿತನ ಮಾಡದೆ ತಂದುಕೋ. ಹೋದ ಸಲ ಬಂದಾಗ ನಿನ್ನ ಕುತ್ತಿಗೆ ಎಡಕ್ಕೆ ವಾಲಿದ ಹಾಗೆ ಕಂಡಿತು, ಕೇಳಿದ್ದಕ್ಕೆ ಹಾರಿಕೆಯ ಉತ್ತರ ಕೊಟ್ಟೆ. ಹೆಸರಿಗೆ ಗುಂಡ, ಮೈಮೇಲೆ ನೋಡಿದರೆ ಎಲುಬಿನ ಹಂದರ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ. ಯಂತ್ರ ತುಳಿಯುವಾಗ ಸುಮ್ಮನಿರುತ್ತೆ, ಎದ್ದು ನಿಂತರೆ ಸೇಡು ತೀರಿಸಿಕೊಳ್ಳುತ್ತೆ. ಮೂಲೆಮನೆ ವಕೀಲರ ಕರಿ ಕೋಟು ಬಂದಿದೆ, ಹೊಟ್ಟೆಯ ಹತ್ತಿರ ಬಿಚ್ಚಿ ಅಗಲ ಮಾಡಬೇಕಂತೆ. ಹೊಟ್ಟೆ ಕರಗಿಸುವ ಬದಲು ಕೋಟು ಹಿಗ್ಗಿಸುವವರು ಇರುವುದರಿಂದಲೇ ನನ್ನ ಹೊಟ್ಟೆ ನಡೆಯುತ್ತಿದೆ, ಹಾಗಾಗಿ ನಾನೇನೂ ಹೇಳಲಿಲ್ಲ.

ನೀನು ಕಳಿಸಿದ ಸಿನಿಮಾ ಡಿಸ್ಕಿನ ಪಾರ್ಸೆಲ್ ಶುಕ್ರವಾರ ಬಂತು. ನಿನ್ನೆ ಮಧ್ಯಾಹ್ನ ನೋಡಿಯೂ ಆಯಿತು. ಹೇಗಿತ್ತಮ್ಮ, ಹೇಗಿತ್ತಮ್ಮ ಅಂತ ಆಗಿನಿಂದ ಸಂದೇಶದ ಮೇಲೆ ಸಂದೇಶ ಕಳಿಸುತ್ತಿದ್ದೀಯ. ಫೋನಿನಲ್ಲಿ ನಾನು ಬಾಯಿ ತೆಗೆದರೆ ನೀನು "ಸರಿ ಅಮ್ಮ, ಸರಿ ಅಮ್ಮ" ಅಂತೀಯ, ನಿನ್ನ ದನಿ ಕೇಳಿದ್ದೇ ನನ್ನ ಸಿಟ್ಟು ಇಳಿದುಹೋಗುತ್ತೆ. ಈ ಸಲ ಅದು ಇಳಿಯಬಾರದು ಅಂತಲೇ ಕಾಗದ ಬರೆಯುತ್ತಿದ್ದೇನೆ. ಸುತ್ತು ಬಳಸು ಬೇಡ, ಮೊದಲೇ ಹೇಳಿಬಿಡುತ್ತೇನೆ. ಆ ಸಿನಿಮಾದಲ್ಲಿ ನೀನು ನಿಮ್ಮಪ್ಪನ ಉಸಿರು ಅಳಿಸಿ ಹಾಕಿದ್ದೀಯ. ನೋಡಿ ನನಗೆ ಹೇಸಿಗೆಯಾಯಿತು. ಈಗ ಕೂತುಕೋ, ಪೂರ್ತಿ ಓದು.

ಮೊದಲು ಆ ಡಬ್ಬಿಯ ವಿಷಯ. ಮುಟ್ಟಿದ ತಕ್ಷಣ ಕೈ ತೊಳೆದುಕೊಳ್ಳಬೇಕು ಅನ್ನಿಸಿತು. ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಅಂಗೈಯಗಲದ ಬಿಲ್ಲೆಗೆ ಇಟ್ಟಿಗೆಯಷ್ಟು ದೊಡ್ಡ ಡಬ್ಬಿ. ಒಳಗೆ ಕೆಂಪು ಸ್ಪಂಜು, ಒಂದು ಪ್ಲಾಸ್ಟಿಕ್ ಗಂಟೆ, ಒಂದು ಹಿಡಿ ಬಿಳಿ ಮಿನುಗು ಪುಡಿ. ಅದು ಹಿಮವಂತೆ! ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ, ವಕೀಲರ ಕೋಟಿನ ಮೇಲೆ ಬಿದ್ದದ್ದನ್ನು ಇನ್ನೂ ಆರಿಸುತ್ತಿದ್ದೇನೆ. ಕೋರ್ಟಿನಲ್ಲಿ ಅವರು ಎದ್ದು ನಿಂತರೆ ಇನ್ನೊಂದು ವಾರ ಫಳಫಳ ಅನ್ನುತ್ತಾರೆ. ಮುಚ್ಚಳದ ಮೇಲೊಂದು ದೆವ್ವದ ಚಿತ್ರ: ಕೆಂಪು ಕಣ್ಣು, ಕೋರೆಹಲ್ಲು, ಗೇಣುದ್ದದ ಉಗುರು. ಯಾರದು ಆ ಮುಖ? ದೆವ್ವವಾಗಿ ನಿಂತವರು ನಿಮ್ಮಪ್ಪ. ಬಡಗಿಯಾಗಿದ್ದ ಮನುಷ್ಯ, ಅಂಥ ಉಗುರಿಟ್ಟುಕೊಂಡು ಉಳಿ ಹಿಡಿಯಲು ಆಗುತ್ತಿತ್ತಾ? ಸಿನಿಮಾದಲ್ಲಿ ನಿಮ್ಮಪ್ಪ ಹಲ್ಲು ತೋರಿಸಿದ್ದೇ ಇಲ್ಲ. ಹಿಂಬದಿಯಲ್ಲಿ ಚಿನ್ನದ ಅಕ್ಷರದಲ್ಲಿ ಹಾಕಿದ್ದಾರೆ, "ಮನೆಮಂದಿಗೆಲ್ಲ ಕ್ರಿಸ್ಮಸ್ ಉಡುಗೊರೆ, ಹಳೆಯ ದೋಷಗಳಿಂದ ಸಂಪೂರ್ಣ ಮುಕ್ತ" ಅಂತ. ಆ ಸಾಲು ಓದುವಾಗ ಯಾವ ದೋಷದ ಮಾತು ಅಂತ ನನಗೆ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಡಿಸ್ಕ್ ಹಾಕುವ ಪೆಟ್ಟಿಗೆ ಇಲ್ಲವಲ್ಲ, ನಿಮ್ಮತ್ತೆ ತನ್ನದನ್ನು ಬಟ್ಟೆ ಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಳು. ಅಣ್ಣನನ್ನು ನೋಡುವುದೆಂದರೆ ಅವಳಿಗೂ ಸಂಭ್ರಮ, ಒಳ್ಳೆ ಸೀರೆ ಉಟ್ಟು ಬಂದಿದ್ದಳು. ಕಿಟಕಿಗೆ ಹೊದಿಕೆ ಕಟ್ಟಿ, ಕುರ್ಚಿ ಎಳೆದುಕೊಂಡು ಕೂತೆವು. ಹಾಕಿದ ಕೂಡಲೇ ಸಿನಿಮಾ ಶುರುವಾಗುತ್ತಾ? ಇಲ್ಲ. ಹತ್ತು ಚೌಕಗಳು, ಯಾವುದನ್ನಾದರೂ ಒತ್ತಿ ಅಂತ, ಒತ್ತುವ ತನಕ ಅದೇ ಗಂಟೆ ಹಾಡು, ಅದೇ, ಅದೇ. ನಿಮ್ಮತ್ತೆ ಕನ್ನಡಕ ಹುಡುಕಿ ಮುಗಿಸುವುದರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಆಮೇಲೆ ಯಾವುದನ್ನೋ ಒತ್ತಿದಳು, ಸಿನಿಮಾದ ಬದಲು ಡಿಸ್ಕ್ ತಂದ ಕಂಪನಿಯ ಒಬ್ಬ ಗಡ್ಡದವ ಬಂದು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಮಾತಾಡತೊಡಗಿದ. "ಈ ಚಿತ್ರದ ದೆವ್ವ ಉಸಿರಾಡ್ತಾ ಇತ್ತು, ಹ್ಹ ಹ್ಹ, ನಲವತ್ತು ವರ್ಷ ಜನ ಅದನ್ನ ನೋಡಿ ನಕ್ಕಿದಾರೆ, ಕೊನೆಗೂ ನಾವು ಆ ದೆವ್ವಾನ ಸಾಯಿಸಿದ್ವಿ" ಅಂದ. ನಿಮ್ಮತ್ತೆ ನನ್ನ ಮುಖ ನೋಡಿದಳು. ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಆಮೇಲೆ ಸಿನಿಮಾ. ಬೇರೆಲ್ಲ ಮಾತು ಹಾಗಿರಲಿ ಗುಂಡಾ, ಗೋಡೆಗಳಿಗೆ ಯಾಕೆ ಆ ಬಣ್ಣ? ಎಲ್ಲರ ಮುಖವನ್ನೂ ತಿಕ್ಕಿ ತೊಳೆದು ಒಣಹಾಕಿದ ಹಾಗೆ ಮಾಡಿದ್ದೀರಿ. ಅಜ್ಜಿ ಪಾತ್ರದವಳ ಕೆನ್ನೆಯ ಮೇಲೆ ಒಂದು ಗೆರೆಯಿಲ್ಲ, ಆ ಸಿನಿಮಾಕ್ಕೆ ನಾನೇ ಕೈಯಾರೆ ಹೊಲಿದ ಅವಳ ಕಸೂತಿ ಕುಪ್ಪಸದ ಎಳೆಯೇ ಕಾಣುವುದಿಲ್ಲ. ಹೋಗಲಿ ಅಂದುಕೊಂಡೆ, ಅವರ ಕಂಪನಿ, ಅವರ ಬಣ್ಣ. ಕೊನೆಗೆ ಊಟದ ದೃಶ್ಯ ಬಂತು. ಕ್ರಿಸ್ಮಸ್ಸಿನ ಹಿಂದಿನ ದಿನ, ಸತ್ತುಹೋದ ಯಜಮಾನ ತನ್ನದೇ ಮನೆಯ ಮೆಟ್ಟಿಲಿಳಿದು ಬಂದು, ಆಸ್ತಿ ಹಂಚಿಕೊಂಡು ಉಣ್ಣುತ್ತಿರುವ ನೆಂಟರ ಹಿಂದೆ ಒಬ್ಬೊಬ್ಬರ ಹತ್ತಿರವೂ ನಿಂತು ನೋಡುವುದು. ಮೇಜಿನ ಸುತ್ತ ಕೂತ ಎಲ್ಲರ ಬಾಯಿಂದಲೂ ಚಳಿಗೆ ಬಿಳಿ ಹೊಗೆ. ಆ ಪುಟ್ಟ ಹುಡುಗಿಯ ಮೂಗಿನಿಂದಲೂ ಹೊಗೆ, ಮೇಜಿನ ಕೆಳಗಿನ ನಾಯಿಯ ಬಾಯಿಂದಲೂ ಹೊಗೆ. ನಿಮ್ಮಪ್ಪನ ಬಾಯಿಂದ ಏನೂ ಇಲ್ಲ. ಮರದ ಗೊಂಬೆ ನಿಲ್ಲಿಸಿದ ಹಾಗೆ ನಿಂತಿದ್ದರು. ನಾನು ಅವರ ತುಟಿಯನ್ನೇ ನೋಡುತ್ತಾ ಕೂತೆ, ಈಗ ಬರುತ್ತೆ, ಈಗ ಬರುತ್ತೆ ಅಂತ. ದೃಶ್ಯ ಮುಗಿಯಿತು. ನಿಮ್ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡು, "ಅತ್ತಿಗೆ, ಅಣ್ಣ ಸತ್ತವರ ಥರಾ ಕಾಣ್ತಾನಲ್ಲೇ" ಅಂದಳು. ಪೆಟ್ಟಿಗೆ ಆರಿಸಿದೆ. ಕೊನೆಯವರೆಗೆ ನೋಡಲಿಲ್ಲ.

ನಿನಗೆ ಗೊತ್ತಿರುವುದನ್ನೇ ಹೇಳುತ್ತಾಳೆ ಅನ್ನಬೇಡ. ಅರ್ಧ ಗೊತ್ತಿದೆ ನಿನಗೆ, ಇನ್ನರ್ಧ ನಾನು ಯಾವತ್ತೂ ಹೇಳಿಲ್ಲ. ಚಿತ್ರೀಕರಣ ನಡೆದದ್ದು ಐಸ್ ಗೋದಾಮಿನಲ್ಲಿ ಅಂತ ನಿನಗೆ ಗೊತ್ತು. ಅದು ಆ ನಿರ್ದೇಶಕನ ಬುದ್ಧಿವಂತಿಕೆ. ಬದುಕಿರುವವರ ಬಾಯಿಂದ ಹೊಗೆ ಬರಬೇಕು, ದೆವ್ವದ ಬಾಯಿಂದ ಬರಬಾರದು, ಆಗಲೇ ಜನಕ್ಕೆ ಮೈ ಜುಂ ಅನ್ನೋದು ಅಂತ ಅವನ ಲೆಕ್ಕ. ಮೀನಿನ ವಾಸನೆ ಗೋಡೆಗೆಲ್ಲ ಹತ್ತಿದ್ದ ಆ ಗೋದಾಮಿನೊಳಗೆ ನಿಮ್ಮಪ್ಪ ಮೆಟ್ಟಿಲು, ಮೇಜು, ಬಾಗಿಲು ಎಲ್ಲ ಕಟ್ಟಿಕೊಟ್ಟರು. ನಾನು ಪಕ್ಕದ ತಗಡಿನ ಶೆಡ್ಡಿನಲ್ಲಿ ಉಡುಪು ಹೊಲಿಯುತ್ತಿದ್ದೆ, ನೀನು ಹೊಟ್ಟೆಯಲ್ಲಿದ್ದೆ, ಒದೆಯುತ್ತಿದ್ದೆ. ದೆವ್ವದ ಪಾತ್ರಕ್ಕೆ ಬಂದಿದ್ದ ನಟ ಮೊದಲ ದಿನದ ಚಳಿಗೇ ಹಲ್ಲು ಕಟಕಟ ಅನ್ನಿಸಿಕೊಂಡು, ಊಟಕ್ಕೆ ಹೋಗಿ ಬರ್ತೀನಿ ಅಂತ ಹೋದವನು ಬರಲೇ ಇಲ್ಲ. ನಿರ್ದೇಶಕ ಸುತ್ತ ನೋಡಿದ. ಉದ್ದಕ್ಕೆ ತೆಳ್ಳಗೆ, ಮೈಮೇಲೆಲ್ಲ ಮರದ ಪುಡಿ ಮೆತ್ತಿಕೊಂಡು ನಿಂತಿದ್ದವರು ನಿಮ್ಮಪ್ಪ. "ಇವನಿಗೆ ಬಣ್ಣ ಬಳಿಯೋದೂ ಬೇಕಿಲ್ಲ" ಅಂದ. ಮಾತಿಲ್ಲದ ಪಾತ್ರ, ಸುಮ್ಮನೆ ನಿಲ್ಲುವುದು ತಾನೇ ಅಂತ ಇವರೂ ಒಪ್ಪಿಕೊಂಡರು.

ಸುಮ್ಮನೆ ನಿಲ್ಲಬಹುದು, ಉಸಿರಾಡದೆ ನಿಲ್ಲುವುದು ಹೇಗೆ? ಆ ಹೊತ್ತಿಗಾಗಲೇ ಅವರ ಎದೆಯಲ್ಲಿ ಮರದ ಪುಡಿ ಕೂತಿತ್ತು. ಧೂಳಿನ ಕೆಲಸ ಬಿಡಬೇಕು, ಚಳಿಗೆ ಹೋಗಬಾರದು ಅಂತ ಡಾಕ್ಟರು ಎಚ್ಚರಿಸಿದ್ದರು. ನಿರ್ದೇಶಕ ಉಸಿರು ಹಿಡಿ ಅಂದ. ಹಿಡಿದರು, ಮುಖ ಕೆಂಪಾಗಿ ಕೆಮ್ಮು ಬಂತು. ಆಮೇಲೆ ಬಾಯಲ್ಲಿ ಐಸ್ ಇಟ್ಟುಕೋ, ಬಾಯಿ ತಣ್ಣಗಾದರೆ ಹೊಗೆ ಬರಲ್ಲ ಅಂತ ಯಾರೋ ಹೇಳಿಕೊಟ್ಟರು. ತುಂಡಿನ ಮೇಲೆ ತುಂಡು ಬಾಯಿಗೆ ಹಾಕಿದರು. ನಾನು ಅವರ ಕೋಟಿನ ಅಂಚಿಗೆ ಪಿನ್ನು ಚುಚ್ಚಲು ಒಳಗೆ ಹೋದಾಗ ತುಟಿ ನೀಲಿಯಾಗಿತ್ತು, ಮೆಟ್ಟಿಲು ಹಿಡಿದು ಬಗ್ಗಿ ಕೆಮ್ಮುತ್ತಿದ್ದರು, ಆ ನಿರ್ದೇಶಕ ಇನ್ನೊಂದು ತುಂಡು ಕೊಡಿ ಅಂತ ಕೈ ಮಾಡುತ್ತಿದ್ದ. ನನಗೆ ಎಲ್ಲಿತ್ತೋ ಸಿಟ್ಟು. ಬಾಯಲ್ಲಿದ್ದ ಪಿನ್ನುಗಳನ್ನು ಉಗಿದು, ಆ ಐಸ್ ಬಕೆಟ್ಟನ್ನು ಕಾಲಲ್ಲಿ ಒದ್ದೆ. "ದೆವ್ವ ಉಸಿರಾಡಿದ್ರೆ ನಿನ್ನ ಗಂಟೇನು ಹೋಗುತ್ತೋ? ನನ್ನ ಗಂಡ ಉಸಿರಾಡ್ಲೇಬೇಕು, ಬೇಕಾದ್ರೆ ನೀನು ಉಸಿರು ಕಟ್ಟಿಕೊಂಡು ನಿಲ್ಲು" ಅಂದೆ. ತುಂಬಿದ ಬಸುರಿಯ ಮೇಲೆ ಯಾರು ಬಾಯಿ ಮಾಡುತ್ತಾರೆ? ಗೋದಾಮಿನ ಯಜಮಾನ ಸಂಜೆಗೆ ಖಾಲಿ ಮಾಡಿ ಅನ್ನುತ್ತಿದ್ದ, ನಿರ್ದೇಶಕನಿಗೂ ಬೇರೆ ದಾರಿ ಇರಲಿಲ್ಲ, ಹಾಗೇ ತೆಗೆದ. ನಿಮ್ಮಪ್ಪ ಐಸ್ ಉಗಿದು, ಆರಾಮಾಗಿ ಉಸಿರುಬಿಡುತ್ತಾ ಮೆಟ್ಟಿಲಿಳಿದರು. ಇಳಿಯುವಾಗ ನನ್ನ ಕಡೆ ನೋಡಿದರು. ಆ ನೋಟವೂ ಸಿನಿಮಾದಲ್ಲಿದೆ, ನೋಡುವವರಿಗೆ ಸತ್ತ ಯಜಮಾನ ಆಸ್ತಿಯ ಕಡೆ ನೋಡುತ್ತಿದ್ದಾನೆ ಅನ್ನಿಸುತ್ತೆ.

ಇದು ನಿನಗೆ ಗೊತ್ತಿಲ್ಲದ ಅರ್ಧ. ಜನ ನಕ್ಕದ್ದು ನಿಜ. ಉಸಿರಾಡುವ ದೆವ್ವ ಅಂತ ಬೀದಿಯಲ್ಲಿ ಕರೆದರೆ ನಿಮ್ಮಪ್ಪನೂ ನಗುತ್ತಿದ್ದರು, "ಇರೋ ತನಕ ಆಡ್ತೀನಿ ಕಣ್ರೋ" ಅನ್ನುತ್ತಿದ್ದರು. ನೀನು ಗೋಡೆ ಹಿಡಿದು ನಿಲ್ಲಲು ಕಲಿಯುವ ಹೊತ್ತಿಗೆ ಹೋಗಿಬಿಟ್ಟರು. ಕೊನೆಯ ದಿನಗಳಲ್ಲಿ ಒಂದೊಂದು ಉಸಿರಿಗೂ ಅವರು ಪಟ್ಟ ಪಾಡು ನಾನು ಪಕ್ಕದಲ್ಲಿ ಕೂತು ನೋಡಿದೆ. ಅವರ ದನಿ ಯಾವ ಟೇಪಿನಲ್ಲೂ ಇಲ್ಲ. ಫೋಟೋಗಳಲ್ಲಿ ಎಲ್ಲರ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿದ್ದಾರೆ, ಅಷ್ಟೇ. ಡಿಸೆಂಬರ್ ಬಂದರೆ ಟಿವಿಯಲ್ಲಿ ಆ ಸಿನಿಮಾ ಹಾಕುತ್ತಿದ್ದರಲ್ಲ, ನಾನು ಕೈಗೆಲಸ ಬಿಟ್ಟು ಯಾಕೆ ಕೂರುತ್ತಿದ್ದೆ ಅಂದುಕೊಂಡೆ? ಕಥೆಗಾ? ನನಗೆ ದೆವ್ವದ ಕಥೆ ಅಂದರೆ ಆಗುವುದಿಲ್ಲ. ಆ ಮೆಟ್ಟಿಲಿನ ಮೇಲೆ ಅವರ ಬಾಯಿಂದ ಹೊಗೆ ಸಲೀಸಾಗಿ ಬಂದು, ಕರಗಿ, ಮತ್ತೆ ಬರುತ್ತಿತ್ತು. ಆ ಚಳಿಯಲ್ಲೂ ಅವರಿಗೆ ಉಸಿರು ಕಟ್ಟುತ್ತಿಲ್ಲ ಅಂತ ಕಣ್ಣಾರೆ ಕಾಣುತ್ತಿತ್ತು. ವರ್ಷಕ್ಕೊಂದು ಸಲ ಅಷ್ಟು ನೋಡಿದರೆ ನನಗೆ ಸಮಾಧಾನವಾಗುತ್ತಿತ್ತು.

ನೀನು ಯಾಕೆ ಮಾಡಿದೆ ಅಂತ ನನಗೆ ಗೊತ್ತಿಲ್ಲದೆ ಇಲ್ಲ ಮರಿ. ಮೂರನೇ ಕ್ಲಾಸಿನಲ್ಲಿ ಅಂಗಿಯ ಗುಂಡಿ ಎಲ್ಲ ಕಿತ್ತುಕೊಂಡು, ತುಟಿ ಒಡೆದುಕೊಂಡು ಬಂದಿದ್ದೆ. ಹಿಂದಿನ ದಿನ ಟಿವಿಯಲ್ಲಿ ಸಿನಿಮಾ ಬಂದಿತ್ತು, ಕ್ಲಾಸಿನ ಪುಂಡರು ನಿನ್ನ ಮುಂದೆ ಬಾಯಿ ತೆರೆದು ಹಾ ಹೂ ಅಂತ ಉಸಿರುಬಿಟ್ಟು ಅಣಕಿಸಿದ್ದರು. ಗುಂಡಿ ಹೊಲಿಯುವಾಗ ನೀನು ಕೇಳಿದೆ, "ಅಪ್ಪ ಯಾಕಮ್ಮ ಉಸಿರಾಡಿದ್ದು? ಸ್ವಲ್ಪ ಹೊತ್ತು ಸುಮ್ನಿರೋಕೆ ಆಗ್ತಿರ್ಲಿಲ್ವಾ?" ಬದುಕಿದ್ದರು ಕಣೋ, ಅದಕ್ಕೆ ಅಂದೆ ನಾನು. ಆ ಉತ್ತರ ನಿನಗೆ ಸಾಕಾಗಲಿಲ್ಲ ಅಂತ ಆಗಲೇ ಗೊತ್ತಾಯಿತು. ಈಗ ಡಿಸ್ಕಿನ ಜೊತೆ ಚೀಟಿ ಇಟ್ಟಿದ್ದೀಯ, "ಅಪ್ಪನ ಭಾಗ ಬೇರೆ ಯಾರಿಗೂ ಕೊಡಲಿಲ್ಲಮ್ಮ, ಒಂದೊಂದು ಫ್ರೇಮನ್ನೂ ನಾನೇ ಕೈಯಾರೆ ಮಾಡಿದೆ, ಇನ್ನು ಯಾರೂ ನಗಲ್ಲ" ಅಂತ. ಅದನ್ನು ಓದಿ ಅಳು ಬಂತು, ಸಿನಿಮಾ ನೋಡಿ ಮೈ ಉರಿಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರೆ. ನೀನು ಅಪ್ಪನನ್ನು ಮಾಡಲು ಹೋಗಿ ಹೆಣ ಮಾಡಿಟ್ಟಿದ್ದೀಯ. ಕೆಟ್ಟ ಮಾತು, ಗೊತ್ತು. ಗೀಟೆಳೆದು ಹೊಡೆದು ಹಾಕುವುದಿಲ್ಲ, ಇರಲಿ.

ನಗಲಿ ಬಿಡೋ! ಉಸಿರಾಡುವವರನ್ನು ನೋಡಿ ನಾಲ್ಕು ಜನ ನಕ್ಕರೆ ನಮಗೇನು ನಷ್ಟ? ಆ ಗಡ್ಡದವನಿಗೆ ಅದು ದೋಷ. ನಿರ್ದೇಶಕ ಬದುಕಿದ್ದರೆ ಅವನೂ ನಿನ್ನ ಬೆನ್ನು ತಟ್ಟುತ್ತಿದ್ದ, ಅಂದು ತಾಯಿ ಕೊಡದೆ ಇದ್ದದ್ದನ್ನು ಇಂದು ಮಗನೇ ತೆಗೆದುಕೊಟ್ಟ ಅಂತ. ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಹೇಸುತ್ತೆ ನನಗೆ. ಹಳೇ ರೀಲು ಹುಳಿ ವಾಸನೆ ಹೊಡೆಯುತ್ತಿತ್ತು, ಒಂದು ಸಲ ಯಂತ್ರದೊಳಗೆ ಓಡಿ ಪುಡಿಪುಡಿಯಾಯಿತು, ನಮ್ಮ ಪುಣ್ಯ, ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡೆವು ಅಂತ ನೀನೇ ಹಿಂದೆ ಹೇಳಿದ್ದೆ. ನಾನು ಟಿವಿಯಿಂದ ಹಿಡಿದಿಟ್ಟುಕೊಂಡಿದ್ದ ಕ್ಯಾಸೆಟ್ಟನ್ನು ಆ ಹಾಳು ವಿಸಿಆರ್ ಪೆಟ್ಟಿಗೆ ಯಾವತ್ತೋ ನುಂಗಿತು. ಟಿವಿಯವರು ಹಾಕುವುದನ್ನು ಬಿಟ್ಟು ಎಷ್ಟು ಕಾಲವಾಯಿತೋ. ಅಂದರೆ ಇನ್ನು ಮೇಲೆ ಇದೇ, ಈ ತೊಳೆದಿಟ್ಟದ್ದೇ. ನಾನು ಎಷ್ಟು ಬೈದರೂ ಹೋದದ್ದು ಬರುವುದಿಲ್ಲ ಅಂತ ಗೊತ್ತಿದ್ದೇ ಬೈದಿದ್ದೇನೆ. ಬೈಯದೆ ಚೆನ್ನಾಗಿದೆ ಕಣೋ ಅಂದಿದ್ದರೆ ನೀನು ಬಂದಾಗ ನಿನ್ನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಡಬ್ಬಿಯನ್ನು ನಿಮ್ಮತ್ತೆಗೆ ಕೊಟ್ಟು ಕಳಿಸಿದೆ. ಅವಳಿಗೂ ಬೇಡವಾಗಿತ್ತು, ಗಂಟೆಯನ್ನು ಮೊಮ್ಮಗುವಿಗೆ ಇಟ್ಟುಕೊಳ್ಳುತ್ತೇನೆ ಅಂತ ತೆಗೆದುಕೊಂಡು ಹೋದಳು. ನೀನು ಈ ಕಾಗದ ಓದಿ ಊಟ ಬಿಟ್ಟು ಕೂರಬೇಡ. ಬೈದದ್ದೂ ನಿನ್ನ ತಲೆಯ ಮೇಲೇ, ಹರಸುವುದೂ ಅದೇ ತಲೆಯ ಮೇಲೇ. ನಿನ್ನ ಕಣ್ಣು ಚೆನ್ನಾಗಿರಲಿ, ನೂರು ವರ್ಷ ಎದೆ ತುಂಬ ಉಸಿರಾಡು. ಬಾಡಿಗೆಮನೆಯ ಅಜ್ಜಿಗೆ ನಾನು ಕೇಳಿದೆ ಅಂತ ಹೇಳು.

ಇಂತಿ,
ಸಿಟ್ಟು ಇನ್ನೂ ಇಳಿಯದ
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಕತ್ತರಿಯಲ್ಲಿ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಪಕ್ಕದ ಮನೆ ಗೇಟಿನಲ್ಲಿದ್ದಾನೆ. ನಿನ್ನ ಆಫೀಸಿನ ಆ ಕೀಚಲು ದನಿಯ ಹುಡುಗಿ ಈಗ ಫೋನು ಮಾಡಿದ್ದಳು, ಪಾರ್ಸೆಲ್ ಸರಿಯಾಗಿ ಬಂತಾ ಆಂಟಿ ಅಂತ. ನಿನ್ನ ಹತ್ತಿರ ಕೇಳದ್ದನ್ನು ಅವಳ ಹತ್ತಿರ ಕೇಳಿದೆ. ರೀಲಿನಿಂದ ಇಳಿಸಿಕೊಂಡ ಮೊದಲಿನ ಕಾಪಿ ಅಳಿಸಿಯಾಗಿದೆಯಂತೆ, ಮತ್ತೆ ಮೊದಲಿನ ಹಾಗೆ ಸೇರಿಸಿ ಮಾಡಲು ಯಜಮಾನರು ಒಪ್ಪುವುದಿಲ್ಲವಂತೆ. ಆದರೆ ನೀನು ತೆಗೆದದ್ದೆಲ್ಲ ಬೇರೆಯಾಗಿ ಕಂಪ್ಯೂಟರಿನಲ್ಲಿ ಇನ್ನೂ ಬಿದ್ದಿದೆ, ತಿಂಗಳ ಕೊನೆಗೆ ಜಾಗ ಖಾಲಿ ಮಾಡಲು ಅಳಿಸುತ್ತೇವೆ ಅಂದಳು. ಅದೊಂದನ್ನೇ ಹಾಕಿದರೆ ಏನಮ್ಮ ಕಾಣುತ್ತೆ ಅಂದೆ. "ಏನೂ ಕಾಣಲ್ಲ ಆಂಟಿ. ಮನುಷ್ಯರು ಇರಲ್ಲ, ಮೆಟ್ಟಿಲು ಇರಲ್ಲ. ಬರೀ ಕಪ್ಪು, ಅದರ ಮಧ್ಯೆ ಒಂಚೂರು ಬಿಳಿ ಹೊಗೆ ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಅಷ್ಟೇ" ಅಂದಳು.

ಗುಂಡಾ, ಅದನ್ನು ಅಳಿಸಬೇಡ. ನನಗೆ ಅಷ್ಟು ಕಳಿಸು.